ಹಿಪ್ಪಿಗಾಗಿ ಅತ್ತವಳು

ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ಶಿಡ್ಲಘಟ್ಟದಲ್ಲಿ ಟೈಟ್ ಪ್ಯಾಂಟು ತೊಟ್ಟು ಬಸ್‌ಸ್ಟ್ಯಾಂಡಿನಲ್ಲಿ ಕ್ರಾಪು ತೀಡುತ್ತಾ ನಿಲ್ಲುವ ಹುಡುಗರಿಗೆ ಶೋಕಿ ಎನ್ನುತ್ತಿದ್ದರು. ಉದ್ದ ಕೂದಲು ಬಿಟ್ಟು ಮನೆಮಠ ತೊರೆದವರು ಹಿಪ್ಪಿಗಳೆಂದು ಪೇಪರಿನಲ್ಲಿ ಬರುತ್ತಿತ್ತು. ನಾನೂ ಪಕ್ಕದ ಮನೆಯ ಗೆಳತಿಯೂ ಈ ಹೆಸರುಗಳನ್ನು ಲೈಬ್ರರಿಯ ಹಳೆಯ ಕಾದಂಬರಿಗಳ ಹುಡುಗರಿಗೆ ಅಂಟಿಸಿದೆವು. ಪಾಪ, ಅವರೆಲ್ಲ ತಾತಂದಿರ ಕಾಲದವರು, ಜುಟ್ಟು ಬಿಟ್ಟವರು. ಅಪ್ಪನ ದುಡ್ಡಿನಲ್ಲಿ ಜರಿಪಂಚೆ ಉಟ್ಟು ಮೆರೆಯುವವನು ಶೋಕಿ. ಮನೆ ಬಿಟ್ಟು ಹೋಗಿ ಹೊಳೆದಂಡೆಯಲ್ಲಿ ಕೂತು ಬದುಕೆಂದರೇನು ಎಂದು ಕೇಳುವವನು ಹಿಪ್ಪಿ. ಬೆಳೆದು ದೊಡ್ಡವರಾಗಲು ಆ ಹುಡುಗರು ಪಡುವ ಪಾಡೆಲ್ಲ ನಮಗೆ ತಮಾಷೆ. ಹುಡುಗಿಯೊಬ್ಬಳು ಹಾಗೆ ಬೆಳೆಯುವ ಪುಸ್ತಕ ಮಾತ್ರ ನಮ್ಮ ಕೈಗೆ ಸಿಗಲೇ ಇಲ್ಲ.

ಗೆಳತಿಯ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಒಂದು ಮಧ್ಯಾಹ್ನ ಇಬ್ಬರೂ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದೆವು. ಆಗತಾನೇ ಒಂದು ಕಾದಂಬರಿ ಮುಗಿಸಿದ್ದ ಅವಳು ಕಣ್ಣು ಒರೆಸಿಕೊಂಡಳು.

“ನಮ್ಮ ಹಿಪ್ಪಿ ಸತ್ತೋದ ಕಣೇ. ಅವನ್ನ ಯಾರೂ ಅರ್ಥ ಮಾಡ್ಕೊಳ್ಳಿಲ್ಲ.”

ಸೊಪ್ಪಿನ ಹೊರೆ ಇಳಿಸುತ್ತಿದ್ದ ಅವಳಮ್ಮನ ಕಿವಿಗೆ ಅದು ಬಿತ್ತು. ಅಡ್ಡಹೆಸರಿಲ್ಲದ ಗಂಡಸೇ ಇಲ್ಲದ ಊರು ನಮ್ಮದು. ಗಿಡ್ಡ, ಬೀಡಿ, ಗೂಬೆ ಎಂದು ಕರೆಯುವುದೇ ಹೊರತು ಹುಟ್ಟುಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ. ಹಿಪ್ಪಿಯೂ ಅಂಥ ಒಬ್ಬ ಹುಡುಗನೇ ಎಂದು ಆಕೆ ನಂಬಿಬಿಟ್ಟರು.

ನಾನು ಓಡಿಹೋಗಿ ಪುಸ್ತಕವನ್ನೇ ತಂದು ತೋರಿಸಿದೆ. “ಇದ್ರಲ್ಲಿರೋನು ದೊಡ್ಡಮ್ಮ, ಬರೀ ಕತೆಯೋನು.”

ಓದು ಬಾರದ ಆಕೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. “ಪುಸ್ತಕದಾಗಿರೋ ಹುಡುಗ ಸತ್ರೆ ಮನೆ ಹುಡುಗಿ ಅಳ್ತಾಳೇನಮ್ಮ? ಯಾರ ಕಿವಿಗೆ ಹೂ ಮುಡಿಸ್ತೀಯ?”

ಗೆಳತಿಯದು ಎಸ್ಸೆಸ್ಸೆಲ್ಸಿ ವರ್ಷ. ಟೀಚರಾಗಬೇಕೆಂದು ಆಸೆ ಇಟ್ಟುಕೊಂಡಿದ್ದಳು. ಮರುದಿನದಿಂದಲೇ ಸ್ಕೂಲು ಬಿಡಿಸಿದರು. ಚಿಂತಾಮಣಿಯಲ್ಲಿ ಗಂಡು ಸಿಕ್ಕಿತು. ಇಲ್ಲದ ಹುಡುಗನಿಗೆ ಹೆದರಿ ಇದ್ದ ಹುಡುಗಿಯ ಓದನ್ನು ಮುಗಿಸಿದರು.

ಧಾರೆಯಾದ ಮೇಲೆ ಅವಳ ಪಕ್ಕ ಹೋಗಿ ಕೂತೆ. ಹೇಗಾದರೂ ನಗಿಸಬೇಕೆಂದು ಮದುವೆಗಂಡಿನತ್ತ ಕಣ್ಣು ಹೊರಳಿಸಿ, “ಶೋಕಿನೋ, ಹಿಪ್ಪಿನೋ?” ಎಂದೆ.

ಅವಳು ನಗಲಿಲ್ಲ. “ಇನ್ಮೇಲೆ ಯಾರ್ಗೂ ಹೆಸರಿಡಂಗಿಲ್ಲ ಕಣೇ. ಅತ್ತೆ ಹೆಸ್ರೂ ನನ್ ಹೆಸ್ರೂ ಒಂದೇ ಅಂತ ನಂಗೇ ಬೇರೆ ಹೆಸರಿಟ್ಟವ್ರೆ.”

ಅಷ್ಟರಲ್ಲಿ ಅವಳ ಅತ್ತೆ ಆ ಹೊಸ ಹೆಸರು ಹಿಡಿದು ಕೂಗಿದರು. ಉತ್ತರ ಬಾರದೆ ಮತ್ತೆ ಕೂಗಿದರು. ಕರೆಯುತ್ತಿರುವುದು ತನ್ನನ್ನೇ ಎಂದು ಗೆಳತಿಗೆ ಹೊಳೆಯಲಿಲ್ಲ. ನಾನೇ ಮೊಣಕೈಯಿಂದ ತಿವಿದು, ಅವಳನ್ನು ಎಬ್ಬಿಸಿ ಕಳಿಸಿದೆ.