ಆರು ಹೆತ್ತ ಅಕ್ಕಯಮ್ಮನ ಸೊಂಟ

ನನ್ನ ಅತ್ತೆ ಅಕ್ಕಯಮ್ಮ ತೀರಿಕೊಂಡು ಬಹಳ ವರ್ಷಗಳಾದವು. ಈಗಲೂ ಎಲ್ಲಾದರೂ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಮೂಗಿಗೆ ಬಿದ್ದರೆ, ತಲೆಗೆ ಟವೆಲ್ ಸುತ್ತಿ, ಸೆರಗು ಸಿಕ್ಕಿಸಿ, ತಟ್ಟೆಯ ಮೇಲೆ ಬಗ್ಗಿ ರೇಷ್ಮೆ ಹುಳು ನೋಡುತ್ತಿದ್ದ ಆ ಹೆಂಗಸು ಕಣ್ಣೆದುರು ನಿಲ್ಲುತ್ತಾಳೆ. ಬದುಕಿದ್ದಾಗ ಆಕೆಯ ಜೊತೆ ನಾನು ಜಗಳವಾಡದ ದಿನವಿಲ್ಲ. ಈಗ ಹಾಗೆ ಜಗಳವಾಡಲು ಯಾರೂ ಇಲ್ಲವಲ್ಲ ಅನ್ನುವುದೇ ಸಂಕಟ.

ನಾನು ಚಿಂತಾಮಣಿ ಪೇಟೆಯಲ್ಲಿ ಬೆಳೆದವಳು. ಎಂಬತ್ತಾರರಲ್ಲಿ ಮುನಿಗಂಗಪ್ಪನವರನ್ನು ಮದುವೆಯಾಗಿ ಶಿಡ್ಲಘಟ್ಟದ ಹತ್ತಿರದ ಹಳ್ಳಿಗೆ ಬಂದೆ. ಆ ಮನೆಯ ನಡುಮನೆ ಪೂರ್ತಿ ಹುಳುಗಳದ್ದು. ಬಿದಿರಿನ ಸ್ಟ್ಯಾಂಡುಗಳ ಮೇಲೆ ಸೂರಿನವರೆಗೂ ತಟ್ಟೆಗಳು. ಮನುಷ್ಯರು ಮಿಕ್ಕ ಜಾಗದಲ್ಲಿ, ಬಾಡಿಗೆಗೆ ಬಂದವರ ಹಾಗೆ ಮೂಲೆ ಹಿಡಿದು ಮಲಗಬೇಕು. ಹುಳುಗಳು ಸೊಪ್ಪು ತಿನ್ನುವ ಚರಚರ ಸದ್ದಿಗೆ ಮೊದಮೊದಲು ನಿದ್ದೆ ಬರುತ್ತಿರಲಿಲ್ಲ. ಆಮೇಲೆ ಆ ಸದ್ದಿಲ್ಲದಿದ್ದರೆ ನಿದ್ದೆ ಬರುತ್ತಿರಲಿಲ್ಲ.

ಎಂಬತ್ತೆಂಟರಲ್ಲಿ ಬಸುರಾದೆ. ಆರು ತಿಂಗಳು ತುಂಬುವ ಹೊತ್ತಿಗೆ ನೋವು ಶುರುವಾಯಿತು. ಮೊದಲು ತೊಡೆಯ ಸಂದಿಯಲ್ಲಿ, ಆಮೇಲೆ ಸೊಂಟದ ಹಿಂದೆ. ಮಲಗಿದಲ್ಲಿ ಮಗ್ಗಲು ಬದಲಾಯಿಸಿದರೆ ಒಳಗೆ ಮೂಳೆಗೆ ಮೂಳೆ ಉಜ್ಜಿದಂತಾಗುತ್ತಿತ್ತು. ಹೊಸಿಲು ದಾಟಲು ಒಂದು ಕಾಲೆತ್ತಿದರೆ ಇನ್ನೊಂದು ಕಾಲು ನನ್ನದಲ್ಲ ಅನ್ನಿಸುತ್ತಿತ್ತು. ಆ ಕಾಲಿನಲ್ಲೇ ನಾನು ಸ್ಟ್ಯಾಂಡಿನ ಕೆಳಗಿನ ಗಳದ ಮೇಲೆ ಹತ್ತಿ, ಎಲ್ಲಕ್ಕಿಂತ ಮೇಲಿನ ತಟ್ಟೆ ಎಳೆದು ಸೊಪ್ಪು ಹಾಕಬೇಕು.

ಹೇಳಿದೆ. ಅಕ್ಕಯಮ್ಮ ಸೊಪ್ಪು ಕತ್ತರಿಸುತ್ತಿದ್ದ ಕೈ ನಿಲ್ಲಿಸಲೂ ಇಲ್ಲ.

"ಆರು ಹೆತ್ತಿದೀನಿ ಕಣಮ್ಮ. ಒಂದಿನ ಸೊಂಟ ಹಿಡ್ಕೊಂಡು ಕೂತಿಲ್ಲ. ಬಗ್ಗಿ ಎದ್ದು ಮಾಡ್ತಿದ್ರೆ ಹೆರಿಗೆ ಸಲೀಸು. ಪೇಟೆ ಹುಡುಗೀರಿಗೆ ಬಸುರಂದ್ರೆ ಕಾಯಿಲೆ."

ಬಂಜೆಗೇನು ಗೊತ್ತು ಹೆರಿಗೆ ನೋವು ಅನ್ನುತ್ತಾರೆ. ಆರು ಹೆತ್ತವಳಿಗೇ ಗೊತ್ತಾಗದಿದ್ದರೆ ಯಾರಿಗೆ ಹೇಳುವುದು? ಗಂಡನಿಗೆ ಹೇಳಿದರೆ "ಅಮ್ಮನ್ನ ಕೇಳು" ಅನ್ನುತ್ತಿದ್ದರು. ಬೇರೆ ಹುಡುಗಿಯರಾದರೆ ಸೀಮಂತ ಮುಗಿಸಿಕೊಂಡು ತವರಿಗೆ ಹೋಗಿ ಕಾಲು ಚಾಚುತ್ತಾರೆ. ನನ್ನ ಅಮ್ಮ ಮದುವೆಗೆ ಮೊದಲೇ ತೀರಿಹೋಗಿದ್ದಳು. ಬಾಣಂತನವೂ ಈ ಮನೆಯಲ್ಲೇ ಎಂದು ತೀರ್ಮಾನವಾಗಿತ್ತು. ಆ ಗಳದ ಮೇಲಿಂದ ಬಿದ್ದು ಮಗುವನ್ನು ಕಳೆದುಕೊಳ್ಳುತ್ತೇನೆ ಎಂಬ ಹೆದರಿಕೆ ನನ್ನನ್ನು ಬಿಡುತ್ತಿರಲಿಲ್ಲ. ನನ್ನನ್ನು ಕೆಳಗಿಳಿಸುವ ಅಧಿಕಾರ ಇದ್ದದ್ದು ಒಬ್ಬಳಿಗೇ. ಅವಳು ನನ್ನ ಮಾತು ನಂಬಬೇಕಿತ್ತು.

ಹುಳು ಸಾಕಿದವರಿಗೆ ಗೊತ್ತು, ಹುಳು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಆಗ ಹುಳು ತಲೆಯೆತ್ತಿ, ಅಲುಗಾಡದೆ ಕೂತುಬಿಡುತ್ತದೆ. ಸೊಪ್ಪು ಹಾಕುವಂತಿಲ್ಲ, ತಟ್ಟೆ ಅಲ್ಲಾಡಿಸುವಂತಿಲ್ಲ. ಜ್ವರ ಕೂರುವುದನ್ನು ಅಕ್ಕಯಮ್ಮನಷ್ಟು ಬೇಗ ಗುರುತಿಸುವವರು ಊರಲ್ಲಿರಲಿಲ್ಲ. ಅಕ್ಕಪಕ್ಕದ ಮನೆಯವರು ಬಂದು ಕರೆದುಕೊಂಡು ಹೋಗಿ ತೋರಿಸುತ್ತಿದ್ದರು.

ಅವತ್ತು ನಾಲ್ಕನೇ ಜ್ವರ. ಹುಳು ಆಗಲೇ ಕೂತದ್ದು ತಿಳಿಯದೆ ನಾನು ಸೊಪ್ಪಿನ ಮಂಕರಿ ಹೊತ್ತು ಒಳಗೆ ಬಂದೆ. ಸೊಂಟ ಹಿಡಿದುಕೊಂಡಿತು. ಆಸರೆಗೆ ಸ್ಟ್ಯಾಂಡು ಹಿಡಿದೆ. ತಟ್ಟೆಗಳು ಕಟಕಟ ಅಲುಗಿದವು.

"ಅಯ್ಯೋ! ಹುಳ ಜ್ವರಕ್ಕೆ ಕೂತವೆ, ಕಣ್ಣು ಕಾಣಲ್ವೇನೇ? ಅವೇನು ಬಾಯಿ ಬಿಟ್ಟು ಹೇಳ್ತವಾ? ನಾವೇ ನೋಡಿ ತಿಳ್ಕೋಬೇಕು!"

ನನಗೆ ಎಲ್ಲಿತ್ತೋ ಸಿಟ್ಟು. ಮಂಕರಿಯನ್ನು ಅಲ್ಲೇ ಇಳಿಸಿಬಿಟ್ಟೆ.

"ಬಾಯಿಲ್ಲದ ಹುಳದ ಜ್ವರ ನಿಮಗೆ ಗೊತ್ತಾಗ್ತದೆ ಅತ್ತಮ್ಮ. ಬಾಯಿರೋ ನಾನು ತಿಂಗಳಿಂದ ಬಡ್ಕೋತಿದೀನಿ. ಅದಕ್ಕೆ ಜ್ವರ ಬಂದ್ರೆ ಸೊಪ್ಪು ನಿಲ್ಲಿಸ್ತೀರ, ನನಗೆ ನೋವು ಬಂದ್ರೆ ಸೊಪ್ಪು ಹೊರಿಸ್ತೀರ. ನಾನು ಹುಳಕ್ಕಿಂತ ಕಡೆಯಾ?"

ಅಲ್ಲಿಯವರೆಗೆ ನಾನೂ ಸೇರಿ ಊರಲ್ಲಿ ಯಾರೂ ಅಕ್ಕಯಮ್ಮನಿಗೆ ಎದುರಾಡಿರಲಿಲ್ಲ. ಆಕೆ ಮಂಕರಿ ಎತ್ತಿಕೊಂಡು ಹೊರಗೆ ಹೋದಳು.

ಮಾರನೆಯ ದಿನ ಬೆಳಿಗ್ಗೆ ನರ್ಸಮ್ಮ ಹಮೀದಾ ಬೇಗಂ ಮನೆಗೆ ಬಂದರು. ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದವರು. ಅಕ್ಕಯಮ್ಮನೇ ಬಸ್ಸಿನ ಹತ್ತಿರ ಕಾದಿದ್ದು ಕರೆತಂದಿದ್ದಳು. ನನ್ನನ್ನು ಮಲಗಿಸಿ, ಸೊಂಟದ ಸುತ್ತ ಒತ್ತಿ ನೋಡುತ್ತಾ ಕೇಳಿದರು:

"ಹೇಳಮ್ಮ, ಎಲ್ಲೆಲ್ಲಿ ನೋವು?"

ನಾನು ಹೇಳುವುದರೊಳಗೆ ಅಕ್ಕಯಮ್ಮ ಬಾಗಿಲಿಂದಲೇ ಹೇಳಿದಳು. "ಮುಂದುಗಡೆ ಮೂಳೆ ಕೂಡೋ ಕಡೆ. ಹಿಂದೆ ಸೊಂಟದ ಕುಳಿ ಹತ್ರ. ಮಗ್ಗಲು ತಿರುಗಿದ್ರೆ ಒಳಗೆ ಟಕ್ ಅಂತದೆ. ಒಂಟಿ ಕಾಲಲ್ಲಿ ನಿಂತ್ರೆ ಪ್ರಾಣ ಹೋಗ್ತದೆ."

ಇಷ್ಟನ್ನೂ ನಾನು ಯಾರಿಗೂ ಬಿಡಿಸಿ ಹೇಳಿರಲಿಲ್ಲ. ನರ್ಸಮ್ಮ ಒಂದು ಸಲ ಆಕೆಯ ಮುಖ ನೋಡಿದರು.

ಮಗುವಿಗೆ ಏನೂ ಆಗಿಲ್ಲ, ಹೆರಿಗೆ ಹತ್ತಿರವಾದಂತೆ ಸೊಂಟದ ಕೀಲು ಸಡಿಲವಾಗುವುದು ಸಹಜ, ಕೆಲವರಿಗೆ ಹೀಗೆ ನೋವು ಕೊಡುತ್ತದೆ ಎಂದರು. ಹಳೇ ಸೀರೆಯನ್ನು ಮಡಿಸಿ ಹೊಟ್ಟೆಯ ಕೆಳಗೆ, ಸೊಂಟದ ಸುತ್ತ ಬಿಗಿಯಾಗಿ ಕಟ್ಟುವುದು ಕಲಿಸಿದರು. ಮಗ್ಗಲಾಗುವಾಗ ಎರಡೂ ಮಂಡಿ ಜೋಡಿಸಿಕೊಂಡೇ ತಿರುಗಬೇಕು, ಮಂಡಿಗಳ ನಡುವೆ ದಿಂಬು ಇಟ್ಟು ಮಲಗಬೇಕು, ಲಂಗಕ್ಕೆ ಕಾಲು ಹಾಕುವಾಗ ಕೂತೇ ಹಾಕಬೇಕು, ಭಾರ ಎತ್ತಕೂಡದು. "ಹತ್ತೋದಂತೂ ಬೇಡವೇ ಬೇಡ," ಅಂದರು ಅಕ್ಕಯಮ್ಮನ ಕಡೆ ತಿರುಗಿ.

ಅವತ್ತಿನಿಂದ ಮೇಲಿನ ತಟ್ಟೆಗಳು ಅಕ್ಕಯಮ್ಮನ ಪಾಲಾದವು. ನನಗೆ ಒಂದು ಮಣೆ ಬಂತು, ಕೂತು ಸೊಪ್ಪು ಕತ್ತರಿಸುವ ಕೆಲಸ ಬಂತು. ನೋವು ಪೂರ್ತಿ ಹೋಗಲಿಲ್ಲ, ಆದರೆ ನೋವಿನ ಜೊತೆ ಬದುಕಬಹುದಾಯಿತು. ನಿಜ ಹೇಳಬೇಕೆಂದರೆ, ಆ ದಿನಗಳಲ್ಲೇ ನನಗೆ ಆಕೆಯ ಮೇಲೆ ಅತಿ ಹೆಚ್ಚು ಸಿಟ್ಟಿದ್ದದ್ದು. ಗೊತ್ತಿಲ್ಲದೆ ಅಂದಿದ್ದರೆ ಕ್ಷಮಿಸಬಹುದು. ಎಲ್ಲ ಗೊತ್ತಿದ್ದೂ ನನ್ನನ್ನು ನಾಟಕದವಳನ್ನಾಗಿ ಮಾಡಿದ್ದಳಲ್ಲ!

ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಬಾಣಂತನಕ್ಕೆ ಅಕ್ಕಯಮ್ಮ ಒಂದೂ ಕೊರತೆ ಮಾಡಲಿಲ್ಲ. ದಿನಾ ಹಂಡೆ ನೀರು ಕಾಯಿಸಿ, ಹರಳೆಣ್ಣೆ ತಿಕ್ಕಿ, ಸೊಂಟದ ಮೇಲೆ ಚೊಂಬು ಚೊಂಬಾಗಿ ಬಿಸಿನೀರು ಹೊಯ್ಯುವಳು. ಆ ಬಚ್ಚಲಿನ ಹೊಗೆ, ಸೀಗೆಕಾಯಿ ಘಮ, ಬೆನ್ನ ಮೇಲಿನ ಆ ಒರಟು ಕೈ, ಈಗ ನೆನೆದರೂ ಮೈ ಹಗುರಾಗುತ್ತದೆ. ಒಂದು ದಿನ ಹಾಗೆ ಬೆನ್ನು ಕೊಟ್ಟು ಕೂತಿದ್ದಾಗಲೇ ಕೇಳಿಬಿಟ್ಟೆ.

"ನಿಮಗೂ ಬಂದಿತ್ತಲ್ವಾ ಅತ್ತಮ್ಮ ಆ ನೋವು?"

"ಆರು ಸಲಾನೂ ಬಂದಿತ್ತು."

"ಮತ್ತೆ ನನ್ನನ್ನ ಯಾಕೆ ಹಂಗಂದ್ರಿ?"

ನೀರು ಹೊಯ್ಯುವ ಕೈ ನಿಂತಿತು.

"ನಮ್ಮತ್ತೆ ನಂಗೆ ಹಂಗೇ ಅಂದ್ಲು. ಬಸುರಂದ್ರೆ ಇದೇ ಅಂತ ನಾನೂ ನಂಬ್ಕೊಂಡೆ. ನಿನ್ನ ನೋವು ಕೂತ್ಕೊಂಡ್ರೆ, ಒಂದು ಬಟ್ಟೆ ಕಟ್ಟಿದ್ರೆ ಕಡಿಮೆ ಆಗೋಂಥದ್ದು ಅಂತ ಒಪ್ಕೊಂಡ್ರೆ..." ಆಕೆ ಚೊಂಬು ಕೆಳಗಿಟ್ಟಳು. "ನಾನು ಆರು ಸಲ ಸುಮ್ಸುಮ್ನೆ ಸತ್ತೆ ಅಂತಾಗ್ತದಲ್ಲಮ್ಮ."

ತಿಂಗಳುಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಸಿಟ್ಟು ಏನಾಯಿತೋ ತಿಳಿಯದು. ಒದ್ದೆ ಕೂದಲಲ್ಲೇ ಹಿಂದಕ್ಕೆ ತಿರುಗಿದೆ. ಅಕ್ಕಯಮ್ಮ ಗೋಡೆಗೆ ಒಂದು ಕೈ ಕೊಟ್ಟು, ಬಲಗಾಲಿನ ಮೇಲೆ ಭಾರ ಹಾಕಿ ನಿಂತಿದ್ದಳು. ಎರಡು ವರ್ಷದಿಂದ ನೋಡುತ್ತಿದ್ದೆ, ಆಕೆ ನಿಲ್ಲುವುದೇ ಹಾಗೆ ಅಂದುಕೊಂಡಿದ್ದೆ.

"ಈಗಲೂ ನೋಯ್ತದಾ ಅತ್ತಮ್ಮ?"

ಆಕೆ ನನ್ನನ್ನು ದಿಟ್ಟಿಸಿದಳು. ಯಾರೋ ಅಪರಿಚಿತರು ಹೆಸರು ಹಿಡಿದು ಕರೆದರೆ ನೋಡುವ ಹಾಗೆ.

"ಹೂಂ ಕಣಮ್ಮ," ಅಂದಳು. "ಎಡಗಡೆ."