ಸೊಂಟದ ಪಂಪು, ಸೀಮಂತದ ಎಣ್ಣೆ

ನನಗೆ ಕೋಪ ಬಂದರೆ ಅದನ್ನು ಕೋಪ ಅಂತ ಯಾರೂ ಒಪ್ಪುವುದಿಲ್ಲ. ಹನ್ನೆರಡನೇ ವಯಸ್ಸಿಗೆ ಸಕ್ಕರೆ ಕಾಯಿಲೆ ಅಂಟಿಕೊಂಡ ಲಾಗಾಯ್ತು ನನ್ನ ಸಿಟ್ಟಿಗೆಲ್ಲ ಒಂದೇ ಕಾರಣ ಕೊಡುತ್ತಾರೆ: ಇವಳಿಗೆ ಶುಗರ್ ಇಳಿದಿದೆ. ಪೂರ್ತಿ ಸುಳ್ಳು ಅನ್ನುವಂತೆಯೂ ಇಲ್ಲ. ಚುಚ್ಚಿಕೊಂಡ ಇನ್ಸುಲಿನ್ ಜಾಸ್ತಿಯಾಗಿ ರಕ್ತದ ಸಕ್ಕರೆ ಇಳಿದರೆ ನನಗೆ ಬೆವರು, ನಡುಕ ಎಲ್ಲ ಆಮೇಲೆ. ಮೊದಲು ಬರುವುದು ಜಗಳ. ಎದುರಿಗೆ ಯಾರಿದ್ದರೂ ಸರಿ, ಬಾಯಿಗೆ ಬಂದಂತೆ ಬೈಯುತ್ತೇನೆ, ಸಕ್ಕರೆ ನೀರು ತಂದರೆ ಲೋಟ ತಳ್ಳುತ್ತೇನೆ. ಕೊಣನೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಅವ್ವ ಎಷ್ಟೋ ಸಲ ನನ್ನ ತಲೆಯನ್ನು ಕಂಕುಳಲ್ಲಿ ಇರುಕಿಕೊಂಡು, ಮೂಗು ಹಿಡಿದು ಕುಡಿಸಿದ್ದಾಳೆ. ಹಾಗೆ ಕುಡಿಸದಿದ್ದರೆ ನಾನು ಇವತ್ತು ಇರುತ್ತಿರಲಿಲ್ಲ.

ಆದರೆ ನ್ಯಾಯವಾಗಿ ಬಂದ ಸಿಟ್ಟಿಗೂ ಅದೇ ಔಷಧ ಅಂದರೆ ಹೇಗೆ? ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ಮೇಡಮ್ಮಾಗಿ ಸೇರಿದ ಮೇಲೂ ಈ ಕಾಟ ತಪ್ಪಲಿಲ್ಲ. ಲೆಕ್ಕ ಮಾಡದೆ ಬಂದವರಿಗೆ ಗದರಿದರೆ ಮುಂದಿನ ಬೆಂಚಿನ ಹುಡುಗಿ ಮೆತ್ತಗೆ ಚಾಕಲೇಟು ಚಾಚುತ್ತಿದ್ದಳು. ಸ್ಟಾಫ್ ರೂಮಿನಲ್ಲಿ ದನಿ ಎತ್ತಿದರೆ ಬಿಸ್ಕತ್ತಿನ ಪೊಟ್ಟಣ ಮೇಜಿನ ಮೇಲೆ ಜಾರಿಕೊಂಡು ಬರುತ್ತಿತ್ತು. ಹೊಟ್ಟೆ ಉರಿಯುತ್ತಿತ್ತು ನನಗೆ.

ಮದುವೆಯಾಗಿ ಹಾಸನದಲ್ಲಿ ಮನೆ ಮಾಡಿದೆವು. ಮೊದಲನೇ ಬಸಿರು ಐದು ತಿಂಗಳಿಗೆ ಹೋಯಿತು. ರಕ್ತದ ಸಕ್ಕರೆ ಹತೋಟಿಯಲ್ಲಿ ಇರಲಿಲ್ಲ ಅಂದರು. ನಾನು ಬೆಳಿಗ್ಗೆ ಸಂಜೆ ಚುಚ್ಚಿಕೊಂಡು, ತೂಕ ಮಾಡಿ ತಿಂದು, ಆಸೆ ಎಲ್ಲ ಕಟ್ಟಿಟ್ಟು ಬದುಕಿದ್ದೆ, ಆದರೂ ಹೋಯಿತು. ಎರಡನೇ ಸಲ ಮುಟ್ಟು ನಿಂತಾಗ ಗಂಡ ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರು ಪಂಪು ಹಾಕಿಸಿದರು. ಎರಡು ಸಾವಿರದ ಇಸವಿ ದಾಟಿ ಇನ್ನೂ ಕೆಲವೇ ವರ್ಷ. ನಮ್ಮ ಕಡೆ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಪೇಜರಿನಷ್ಟು ದೊಡ್ಡ ಯಂತ್ರ, ಅದರಿಂದ ಹೊರಡುವ ದಾರದಂಥ ನಳಿಕೆ, ನಳಿಕೆಯ ತುದಿಯಲ್ಲಿ ಚರ್ಮದೊಳಗೆ ಕೂತಿರುವ ಸಣ್ಣ ಮೆತ್ತನೆಯ ಕೊಳವೆ, ಅದರ ಮೇಲೊಂದು ಅಂಟುಪಟ್ಟಿ. ಹಗಲೂ ರಾತ್ರಿ ಹನಿಹನಿಯಾಗಿ ಇನ್ಸುಲಿನ್ ಒಳಗೆ ಹೋಗುತ್ತಿರುತ್ತದೆ. ಊಟಕ್ಕೆ ಮುಂಚೆ ಗುಂಡಿ ಒತ್ತಿ ಹೆಚ್ಚು ಬಿಟ್ಟುಕೊಳ್ಳಬೇಕು.

ಡಾಕ್ಟರು ಒಂದು ಮಾತನ್ನು ಒತ್ತಿ ಹೇಳಿದ್ದರು. "ಹಳೇ ಇನ್ಸುಲಿನ್ ಮೈಯಲ್ಲಿ ತುಂಬಾ ಹೊತ್ತು ಉಳಿಯುತ್ತಿತ್ತು. ಇದು ಉಳಿಯಲ್ಲ. ಪಂಪು ನಿಂತರೆ ಕೆಲವೇ ಗಂಟೆಯಲ್ಲಿ ರಕ್ತದಲ್ಲಿ ಆಮ್ಲ ಏರುತ್ತೆ. ನಿಮ್ಮ ಜೀವ ತಡೆದುಕೊಂಡರೂ ಮಗು ತಡೆಯಲ್ಲಮ್ಮ." ಆವತ್ತಿನಿಂದ ನನ್ನ ಕೈ ಎಲ್ಲಿದ್ದರೂ ಸೊಂಟಕ್ಕೆ ಹೋಗುತ್ತಿತ್ತು. ಪಾಠ ಮಾಡುವಾಗ, ಬಸ್ಸಿನಲ್ಲಿ ನಿಂತಾಗ, ಸಾರಿಗೆ ಒಗ್ಗರಣೆ ಹಾಕುವಾಗ ಸಹ ತಡವಿ ನೋಡುತ್ತಿದ್ದೆ. ಸೀರೆಯ ನೆರಿಗೆ ಸಿಕ್ಕಿ ನಳಿಕೆ ಎಳೆದರೆ ಜೀವ ಬಾಯಿಗೆ ಬರುತ್ತಿತ್ತು. ಬಾಯಲ್ಲಿ ಮಾತ್ರ ಹೇಳುತ್ತಿರಲಿಲ್ಲ. ಹೆದರಿಕೆಯನ್ನು ಹೇಳಿಕೊಳ್ಳುವುದು ನನಗೆ ಬರುವುದಿಲ್ಲ. ಹೆದರಿದರೂ ನಾನು ಬೈಯುತ್ತೇನೆ.

ಏಳನೇ ತಿಂಗಳಿಗೆ ತವರಿನಲ್ಲಿ ಸೀಮಂತ ಇಟ್ಟುಕೊಂಡರು. ಬೇಡ ಅಂದೆ. ಹೋದ ಸಲ ಮಡಿಲು ತುಂಬಲಿಲ್ಲ, ಅದಕ್ಕೇ ಹಾಗಾಯಿತು ಅಂತ ಅವ್ವನ ತಲೆಯಲ್ಲಿ ಕೂತಿತ್ತು. ಬೆಳಿಗ್ಗೆ ಸೋದರತ್ತೆ ಬಚ್ಚಲುಮನೆಯಲ್ಲಿ ಕಾಯುತ್ತಿದ್ದಳು, ಬಟ್ಟಲು ತುಂಬ ಬಿಸಿ ಹರಳೆಣ್ಣೆ, ಅರಿಶಿನ. ನಮ್ಮಲ್ಲಿ ಬಸುರಿಗೆ ನೀರು ಹುಯ್ಯುವುದು ಸೋದರತ್ತೆಯ ಹಕ್ಕು. ನಾನು ಯಂತ್ರವನ್ನು ನಳಿಕೆ ಸಮೇತ ಬಿಚ್ಚಿ ಅವ್ವನ ಕೈಗೆ ಕೊಟ್ಟೆ. ಹೊಟ್ಟೆಯ ಪಕ್ಕದಲ್ಲಿದ್ದ ಅಂಟುಪಟ್ಟಿ ತೋರಿಸಿ, "ಅತ್ತೆ, ಇಲ್ಲಿ ಮಾತ್ರ ಮುಟ್ಟಬೇಡ" ಅಂದೆ.

"ಮುಟ್ಟಕಿಲ್ಲ ಬುಡು ಮಗ, ನಂಗೇನ್ ಕಣ್ಣಿಲ್ವಾ" ಅಂದಳು ಅತ್ತೆ.

ಪಾಪ, ಅವಳು ಮುಟ್ಟಲಿಲ್ಲ. ಎಣ್ಣೆಗೆ ಯಾರು ಹೇಳುತ್ತಾರೆ? ಬೆನ್ನಿನಿಂದ, ಪಕ್ಕೆಯಿಂದ ಇಳಿದು ಪಟ್ಟಿಯ ಅಂಚಿನ ಕೆಳಗೆ ಸೇರಿಕೊಂಡಿತು. ಮೇಲೆ ಬಿಸಿನೀರು ಬೇರೆ. ಸ್ನಾನವಾದ ಮೇಲೆ ನೋಡಿದೆ: ಪಟ್ಟಿ ಅರಿಶಿನ ಬಳಿದುಕೊಂಡು ಹಳದಿಯಾಗಿತ್ತು, ಜಾಗ ಬಿಟ್ಟಿರಲಿಲ್ಲ. ನಳಿಕೆ ಸಿಕ್ಕಿಸಿ, ಹಸಿರು ರೇಷ್ಮೆ ಸೀರೆ ಉಟ್ಟು ಹಸೆಯ ಮೇಲೆ ಕೂತೆ.

ಬಳೆ ತೊಡಿಸಿದರು, ಮಡಿಲಕ್ಕಿ ಹುಯ್ದರು, ಆರತಿ ಎತ್ತಿದರು. ಬಾಯಿ ಒಣಗುತ್ತಿತ್ತು. ಹೊಗೆ, ಜನ, ಸೆಖೆ ಅಂದುಕೊಂಡೆ. ಊಟಕ್ಕೆ ಮುಂಚೆ ಗುಂಡಿ ಒತ್ತಿದೆ, ಯಂತ್ರ ಸಣ್ಣಗೆ ಕೂಗಿ ಒಪ್ಪಿಕೊಂಡಿತು. ಕಜ್ಜಾಯ, ಒಬ್ಬಟ್ಟು, ಪಾಯಸ ಒಂದೊಂದು ತುತ್ತು ತಿನ್ನಿಸಿದರು. ಲೋಟದ ಮೇಲೆ ಲೋಟ ನೀರು ಕುಡಿದೆ. ಯಂತ್ರ ತೆಗೆದು ನೋಡಿದೆ. ಎಲ್ಲ ಸರಿಯಾಗಿದೆ ಅಂತಲೇ ತೋರಿಸುತ್ತಿತ್ತು. ನಳಿಕೆ ಕಟ್ಟಿಕೊಂಡರೆ ಅದು ಕೂಗಿಕೊಳ್ಳುತ್ತದೆ, ಬ್ಯಾಟರಿ ಮುಗಿದರೆ ಕೂಗಿಕೊಳ್ಳುತ್ತದೆ. ಕೊಳವೆ ಚರ್ಮದಿಂದ ಜಾರಿ ಹೊರಗೆ ಬಂದರೆ ಅದಕ್ಕೆ ಗೊತ್ತೇ ಆಗುವುದಿಲ್ಲ.

ಊಟ ಮುಗಿಸಿದ ನೆಂಟರನ್ನು ಕೊಣನೂರಿಗೆ ಬಸ್ಸು ಹತ್ತಿಸಲು ಗಂಡ ಹೊರಟರು. ನನಗೆ ವಾಂತಿಯಾಯಿತು. ಹೆಂಗಸರು ನಕ್ಕರು, ಬಸುರಿಯಲ್ಲವೇ. ಎರಡನೇ ಸಲ ಆದಾಗ ಸಕ್ಕರೆ ಅಳೆಯುವ ಮೀಟರಿನ ಚೀಲ ತರಲು ಒಳಕೋಣೆಗೆ ಎದ್ದೆ, ಬಾಗಿಲಲ್ಲೇ ಕುಸಿದೆ. ಅವ್ವ ಓಡಿಬಂದಳು, ಕೈಯಲ್ಲಿ ಸಕ್ಕರೆ ನೀರಿನ ಲೋಟ.

"ಅಯ್ಯೋ, ಇಳ್ದೋಗದೆ ನನ್ ಕೂಸಿಗೆ. ಕುಡಿ ಮಗ."

"ಇಳಿದಿಲ್ಲ, ಏರಿದೆ. ದೂರ ಹೋಗು" ಅಂದೆ.

"ಕುಡುದ್ರೆ ಸರಿ ಓಯ್ತದೆ ಕಣವ್ವ."

"ಬೇಡ ಅಂದ್ನಲ್ಲ! ಕಿವಿ ಕೇಳಲ್ವಾ ನಿಂಗೆ?" ಲೋಟ ತಳ್ಳಿದೆ. ಅರ್ಧ ಚೆಲ್ಲಿತು.

ಅಷ್ಟು ಸಾಕಾಯಿತು ಅವ್ವನಿಗೆ. ಲೋಟ ತಳ್ಳಿದಳು, ಬೈದಳು, ಇನ್ನೇನು ಬೇಕು? "ಇಡ್ಕಳಮ್ಮಿ ಇವಳ್ನ" ಅಂತ ಅತ್ತೆಗೆ ಹೇಳಿದಳು. ಅತ್ತೆ ಹಿಂದಿನಿಂದ ನನ್ನ ಒಂದು ಕೈ ಅಮುಕಿದಳು. ಅವ್ವ ನನ್ನ ತಲೆಯನ್ನು ಕಂಕುಳಿಗೆ ಎಳೆದುಕೊಂಡಳು. ನಾನು ಎಷ್ಟು ಕೂಗಿದೆನೋ ಅಷ್ಟೂ ಅವರಿಗೆ ಸಾಕ್ಷಿಯಾಗುತ್ತಿತ್ತು. ಒಂದು ಗುಟುಕು ಒಳಗೆ ಹೋಗಿಯೂ ಬಿಟ್ಟಿತು. ನನ್ನ ಜೀವ ಉಳಿಸಿದ ಅದೇ ಕೈ ಈಗ ನನ್ನ ಮಗುವಿಗೆ ವಿಷ ಕುಡಿಸುತ್ತಿದೆ, ಅದು ಅವಳಿಗೆ ಗೊತ್ತಿಲ್ಲ. ಅಂಥ ಭಯವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಬಿಡುವಾಗಿದ್ದ ಇನ್ನೊಂದು ಕೈ ತಾನಾಗಿ ಸೊಂಟಕ್ಕೆ ಹೋಯಿತು. ಲಂಗದ ಪಟ್ಟಿ ಒದ್ದೆಯಾಗಿತ್ತು. ಬೆರಳು ಮೂಗಿನ ಹತ್ತಿರ ತಂದೆ. ಆಸ್ಪತ್ರೆಯ ವಾಸನೆ. ಬಾಟಲಿ ತೆರೆದಾಗ ಬರುವ ಇನ್ಸುಲಿನ್ನಿನ ವಾಸನೆ ಅದು, ಚಿಕ್ಕಂದಿನಿಂದ ಮೂಸಿದ್ದು, ತಪ್ಪುವ ಮಾತಿಲ್ಲ. ಬೆಳಿಗ್ಗೆಯಿಂದ ಹನಿ ಹನಿಯೂ ಲಂಗಕ್ಕೆ ಹೋಗಿತ್ತು. ನನ್ನ ಮೈಗೆ ಒಂದು ಹನಿಯೂ ಸಿಕ್ಕಿರಲಿಲ್ಲ.

ಇನ್ನೂ ಕೂಗಬೇಕು ಅನ್ನಿಸಿತು. ಕೂಗಿದರೆ ಕೆಟ್ಟೆ ಅಂತಲೂ ತಿಳಿಯಿತು. ಹೇಗೆ ಸಾಧ್ಯವಾಯಿತೋ ಕಾಣೆ, ಒದೆಯುವುದನ್ನು ನಿಲ್ಲಿಸಿದೆ. ಮೈ ಸಡಿಲ ಬಿಟ್ಟು, ಅವ್ವನ ಸೆರಗಿನೊಳಗಿಂದಲೇ ಮೆತ್ತಗೆ ಅಂದೆ:

"ಅವ್ವಾ, ನಂಗೆ ಕೋಪ ಬಂದಿಲ್ಲ. ಹೆದರಿಕೆ ಆಗ್ತಾ ಅದೆ."

ಅವ್ವನ ಕೈ ನಿಂತಿತು. ಹನ್ನೆರಡನೇ ವಯಸ್ಸಿನಲ್ಲಿ ಸೂಜಿ ಕಂಡಾಗಲೂ ಆ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಅವಳು ನನ್ನ ಮುಖ ಮೇಲೆತ್ತಿ ನೋಡಿದಳು. "ಏನ್ ಮಾಡ್ಬೇಕೇಳು" ಅಂದಳು. ಲೋಟ ಕೆಳಗಿಟ್ಟಳು.

ಸಕ್ಕರೆ ನೀರು ಚೆಲ್ಲಿದ ಕೈ ತೊಳೆಸಿ ಅಂದೆ, ಮೀಟರು ಕೊಡಿ ಅಂದೆ. ಅಂಕಿಯೇ ಬರಲಿಲ್ಲ, ಅದರ ಅಳತೆಯ ಮಿತಿ ದಾಟಿದೆ ಅನ್ನುವ ಅಕ್ಷರ ಬಂತು. ಫ್ರಿಜ್ಜಿನಲ್ಲಿ ಆಪತ್ತಿಗೆ ಇಟ್ಟಿದ್ದ ಬಾಟಲಿ, ಸಿರಿಂಜು ತಂದರು. ಸಿರಿಂಜಿಗೆ ಇನ್ಸುಲಿನ್ ಎಳೆದುಕೊಳ್ಳುವಾಗ ಹಸಿರು ಬಳೆಗಳು ಗಲಗಲ ಅನ್ನುತ್ತಿದ್ದವು. ಆ ಸದ್ದಿಗೆ ಸಿಟ್ಟು ಬಂದು ಬಳೆಗಳನ್ನು ಮೇಲಕ್ಕೆ ತಳ್ಳಿ, ತೊಡೆಗೆ ಚುಚ್ಚಿಕೊಂಡೆ. ಅಣ್ಣ ಮಾರುತಿ ವ್ಯಾನು ತಂದು ಬಾಗಿಲಿಗೇ ನಿಲ್ಲಿಸಿದ.

ಅರಕಲಗೂಡು ದಾಟಿ ಹಾಸನದವರೆಗೆ ಅವ್ವನ ತೊಡೆಯ ಮೇಲೆ ಮಲಗಿದ್ದೆ. ಉಸಿರು ಓಡಿಬಂದವಳ ಹಾಗೆ ಏದುತ್ತಿತ್ತು. ರಸ್ತೆ ಗುಂಡಿ ಬಿದ್ದಿತ್ತು, ವ್ಯಾನು ಎತ್ತಿ ಹಾಕಿದಾಗಲೆಲ್ಲ ಮಗು ಒದೆಯಿತೇನೋ ಅನ್ನಿಸುತ್ತಿತ್ತು, ಒದ್ದದ್ದಲ್ಲ. ದಿನಾ ಊಟವಾದ ಮೇಲೆ ಹೊಟ್ಟೆಯ ಬಲಕ್ಕೆ ಹೊರಳುತ್ತಿದ್ದ ಮಗು ಅವತ್ತು ಹೊರಳಲೇ ಇಲ್ಲ. ಅವ್ವನ ಅಂಗೈ ನನ್ನ ಹೊಟ್ಟೆಯ ಮೇಲಿತ್ತು. ಅವಳು ಕಾಯುತ್ತಿದ್ದಾಳೆ, ಅವಳಿಗೂ ಏನೂ ಸಿಗುತ್ತಿಲ್ಲ ಅನ್ನುವುದು ಆ ಕೈ ಬಿಗಿಯಾಗಿದ್ದುದರಲ್ಲೇ ಗೊತ್ತಾಗುತ್ತಿತ್ತು.

"ಅಲ್ಲಾಡ್ತಾ?" ಅಂತ ಕೇಳಿದೆ.

"ನಿದ್ದೆ ಮಾಡ್ತಾ ಅದೆ ಕಣವ್ವ" ಅಂದಳು. ಅವ್ವ ನನ್ನ ಹತ್ತಿರ ಸುಳ್ಳು ಹೇಳುವವಳಲ್ಲ. ಅದಕ್ಕೇ ಇನ್ನೂ ಹೆದರಿದೆ.

ಹಾಸನದ ಆಸ್ಪತ್ರೆಯಲ್ಲಿ ಎರಡೂ ಕೈಗೆ ಸೂಜಿ ಹಾಕಿ ಸಲೈನು, ಇನ್ಸುಲಿನ್ ಬಿಟ್ಟರು. ಸುದ್ದಿ ತಿಳಿದು ಗಂಡ ಬೈಕಿನಲ್ಲಿ ಬಂದು ಸೇರಿದರು, ಬಾಗಿಲಲ್ಲೇ ನಿಂತರು, ಒಳಗೆ ಬರಲು ಅವರಿಗೆ ಧೈರ್ಯವಾಗಲಿಲ್ಲ. ನರ್ಸು ಹೊಟ್ಟೆಗೆ ತಣ್ಣನೆಯ ಜೆಲ್ಲು ಹಚ್ಚಿ, ಮಗುವಿನ ಎದೆಬಡಿತ ಕೇಳುವ ಯಂತ್ರದ ತಲೆಯನ್ನು ಒಂದು ಕಡೆ ಇಟ್ಟಳು. ಬರೀ ಗೊರಗೊರ. ಇನ್ನೊಂದು ಕಡೆ ಇಟ್ಟಳು. ಗೊರಗೊರ. ಕೆಳಗೆ ಸರಿಸಿದಳು. ನಾನು ಸೀಲಿಂಗಿನ ಫ್ಯಾನು ನೋಡುತ್ತಿದ್ದೆ. ಮನಸ್ಸಿನಲ್ಲಿ ದೇವರ ಹೆಸರು ಕೂಡ ಬರಲಿಲ್ಲ.

ಆಮೇಲೆ ಬಂತು. ದಡದಡ ಅಂತ, ಯಾರೋ ಅಟ್ಟದ ಮೇಲೆ ಓಡುತ್ತಿರುವ ಹಾಗೆ.

"ಯಾಕವ್ವ ಇಂಗ್ ಒಡ್ಕೋತಾ ಅದೆ? ಎದ್ರ್ಕೊಂಡದಾ?" ಅಂತ ಅವ್ವ ನರ್ಸನ್ನು ಕೇಳಿದಳು.

"ಮಗೂದು ಯಾವಾಗ್ಲೂ ಇಷ್ಟು ಜೋರೇ ಇರುತ್ತೆ ಅಜ್ಜಿ. ಚೆನ್ನಾಗಿದೆ" ಅಂದು ನರ್ಸು ಯಂತ್ರ ಎತ್ತಿದಳು. ಸದ್ದು ನಿಂತಿತು. ಬಾಗಿಲ ಹತ್ತಿರ ಗಂಡ ಗೋಡೆಗೆ ಒರಗಿಕೊಂಡರು.

ನನಗೆ ಆ ಸದ್ದು ಇನ್ನೂ ಕೇಳಬೇಕಿತ್ತು. ನರ್ಸಿನ ಸೆರಗಿಗೆ ಕೈ ಚಾಚಲು ಹೋದೆ, ಸೂಜಿ ಇದ್ದದ್ದರಿಂದ ಕೈ ಮೇಲೇಳಲಿಲ್ಲ. ಅವ್ವ ಅದನ್ನು ನೋಡಿದಳು. ಹೊರಡುತ್ತಿದ್ದ ನರ್ಸಿನ ಎರಡೂ ಕೈ ಹಿಡಿದುಕೊಂಡಳು.

"ಇನ್ನೊಂದ್ ಗಳ್ಗೆ ಮಡಗವ್ವ," ಅಂದಳು, "ನನ್ ಮಗ್ಳು ಎದ್ರ್ಕೊಂಡವ್ಳೆ."