ಇಟ್ಟಿಗೆ ಮೇಲೆ ನಿಂತ ಸೈಡ್‌ಕಾರ್

ಅಕ್ಕನನ್ನು ಹೊತ್ತಿಗೆ ಸರಿಯಾಗಿ ಮದುವೆಗೆ ತಲುಪಿಸುವುದು ನನ್ನಿಂದ ಆಗಲಿಲ್ಲ. ಇಂದಿರಾನಗರದಲ್ಲಿ ಅವಳ ಗೆಳತಿಯ ಮಗಳ ಮದುವೆ. ಮಂಡಿನೋವಿನ ಅಕ್ಕನಿಗೆಂದೇ ನನ್ನ ಬೈಕಿಗೆ ಸೈಡ್‌ಕಾರ್ ಹಾಕಿಸಿದ್ದೆ. ಶಿವಾಜಿನಗರದ ಹತ್ತಿರ ಅದರ ಬೋಲ್ಟು ಮುರಿಯಿತು. ಗ್ಯಾರೇಜಿನವರು ಸೈಡ್‌ಕಾರ್ ಬಿಚ್ಚಿ, ಒಂದು ಪಕ್ಕಕ್ಕೆ ಇಟ್ಟಿಗೆ ಕೊಟ್ಟು ನಿಲ್ಲಿಸಿದರು.

"ಇಳಿದು ಹತ್ತೋದು ನನ್ನ ಕೈಲಾಗಲ್ಲಪ್ಪ," ಎಂದು ಅಕ್ಕ ರೇಷ್ಮೆ ಸೀರೆಯಲ್ಲಿ ಅದರೊಳಗೇ ಕೂತಳು.

ಹೊಸ ಬೋಲ್ಟು ತರಲು ಬರೀ ಬೈಕಿನಲ್ಲಿ ಹೊರಟೆ. ಎರಡು ಬೀದಿ ಆಚೆ ಅಂಗಡಿಯಲ್ಲಿ ಅದು ಸಿಕ್ಕಿತು. ಆದರೆ ಸೈಡ್‌ಕಾರ್ ಇದ್ದರೆ ಗಾಡಿ ತಿರುವಿನಲ್ಲಿ ಬಾಗುವುದಿಲ್ಲ; ಎಷ್ಟೋ ತಿಂಗಳ ಮೇಲೆ ಅವತ್ತು ಹಾಯಾಗಿ ಬಾಗಿತ್ತು. ಇನ್ನೊಂದು ತಿರುವು, ಇನ್ನೊಂದು ತಿರುವು ಎನ್ನುತ್ತಾ ಕೆ.ಆರ್. ಪುರದವರೆಗೂ ಹೋಗಿಬಿಟ್ಟೆ.

ಎರಡು ಗಂಟೆ ಬಿಟ್ಟು ವಾಪಸ್ ಬಂದಾಗ, ಹಳೇ ಸಾಮಾನು ಕೊಳ್ಳುವವರೊಬ್ಬರು ಸೈಡ್‌ಕಾರನ್ನು ತಟ್ಟಿ ನೋಡುತ್ತಿದ್ದರು.

"ಕೊಡ್ತೀರೇನಮ್ಮಾ ಇದನ್ನ?"

"ನನ್ನ ತಮ್ಮ ಬರ್ಲಿಲ್ಲ ಅಂದ್ರೆ ನನ್ನನ್ನೂ ಸೇರಿಸಿ ತಗೊಂಡ್ಹೋಗಿ," ಎಂದಳು ಅಕ್ಕ.

ಮುಹೂರ್ತ ಮುಗಿದಿತ್ತು. ಬೋಲ್ಟು ಬೇಗ ಎಲ್ಲೂ ಸಿಗಲಿಲ್ಲ ಎಂದೆ. ಅವಳು ನಂಬಿದಳು. "ಪಾಪ, ಬಿಸಿಲಲ್ಲಿ ಎಷ್ಟು ಅಲೆದ್ಯೋ," ಎಂದಳು. ಅವಳು ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ಮೊನ್ನೆ, ವರ್ಷದ ಮೇಲೆ, ಹೇಳಿಯೇಬಿಟ್ಟೆ.

"ಅಕ್ಕ, ಬೋಲ್ಟು ಅವತ್ತು ಬೇಗನೇ ಸಿಕ್ಕಿತ್ತು. ನೀನಿಲ್ದೆ ಗಾಡಿ ಓಡಿಸೋದು ಖುಷಿ ಅನ್ನಿಸ್ತು, ಹೋಗ್ಬಿಟ್ಟೆ. ತಪ್ಪಾಯ್ತಕ್ಕ."